ಕಾರು ಯಾರದು? ಒಂದು ಪೇಟೆಂಟ್ ವ್ಯಾಜ್ಯದ ಕಥೆ

— ಹಳೆಯ ವಿದ್ಯಾರ್ಥಿ (2004ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ), ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

"ಮೋಟಾರು ಕಾರನ್ನು ಕಂಡುಹಿಡಿದವರು ಯಾರು?" ಈ ಪ್ರಶ್ನೆ ನಮ್ಮ ಕಾಲದ ರಸಪ್ರಶ್ನೆ ಸ್ಪರ್ಧೆಗಳಲ್ಲಿ ತಪ್ಪದೆ ಬರುತ್ತಿತ್ತು. ಕೆಲವರು ಹೆನ್ರಿ ಫೋರ್ಡ್ ಎನ್ನುತ್ತಿದ್ದರು. ಸ್ವಲ್ಪ ಹೆಚ್ಚು ಓದಿಕೊಂಡವರು ಕಾರ್ಲ್ ಬೆಂಜ್ ಎಂದು ಹೇಳಿ ಅಂಕ ಗಿಟ್ಟಿಸುತ್ತಿದ್ದರು. ಆದರೆ 1905ರ ಸುಮಾರಿಗೆ ಅಮೆರಿಕದಲ್ಲಿ ಯಾರಾದರೂ ಕಾಗದಪತ್ರ ನೋಡಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದರೆ, ಅವರು ಹೇಳಬೇಕಿದ್ದ ಹೆಸರು ಬೇರೆಯೇ ಇತ್ತು. ಅದು ಜಾರ್ಜ್ ಬಾಲ್ಡ್‌ವಿನ್ ಸೆಲ್ಡನ್. ಆತ ವೃತ್ತಿಯಿಂದ ವಕೀಲ. ಆ ಹೊತ್ತಿಗೆ ಆತ ಒಂದೇ ಒಂದು ಕಾರನ್ನೂ ರಸ್ತೆಗೆ ಇಳಿಸಿರಲಿಲ್ಲ. ಆದರೂ ಅಮೆರಿಕದ ದೊಡ್ಡ ದೊಡ್ಡ ಕಾರು ಕಂಪನಿಗಳು ತಾವು ಮಾರುವ ಪ್ರತಿಯೊಂದು ಕಾರಿನ ಬೆಲೆಯಲ್ಲೂ ಆತನ ಪೇಟೆಂಟಿಗಾಗಿ ರಾಯಧನ ಕಟ್ಟುತ್ತಿದ್ದವು.

ಇಂಥ ವಿಚಿತ್ರ ಹೇಗೆ ಸಾಧ್ಯವಾಯಿತು, ಅದನ್ನು ಯಾರು ಎದುರಿಸಿದರು, ಕೊನೆಗೆ ಏನಾಯಿತು ಎಂಬುದೇ ಈ ಲೇಖನದ ವಿಷಯ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಇದನ್ನು ಆರಿಸಿಕೊಳ್ಳಲು ಕಾರಣವಿದೆ. ಒಂದು ಆಲೋಚನೆ ಯಾರ ಆಸ್ತಿ, ಅದನ್ನು ಮೊದಲು ಬರೆದಿಟ್ಟವನದೋ, ದುಡಿದು ಮಾಡಿ ತೋರಿಸಿದವನದೋ ಎಂಬ ಪ್ರಶ್ನೆ ನನ್ನ ವೃತ್ತಿಯಲ್ಲಿ ದಿನವೂ ಎದುರಾಗುತ್ತದೆ. ನಾಳೆ ಏನನ್ನಾದರೂ ಹೊಸದಾಗಿ ಮಾಡಲಿರುವ ನಮ್ಮ ಶಾಲೆಯ ಮಕ್ಕಳಿಗೂ ಅದು ಎದುರಾಗುತ್ತದೆ.

ಪೇಟೆಂಟ್ ಎಂದರೇನು?

ಪೇಟೆಂಟ್ ಎಂದರೆ ಹೊಸದನ್ನು ಕಂಡುಹಿಡಿದವನಿಗೂ ಸಮಾಜಕ್ಕೂ ನಡುವೆ ಸರ್ಕಾರ ಮಾಡಿಸುವ ಒಂದು ಒಪ್ಪಂದ. ಕಂಡುಹಿಡಿದವನು ತನ್ನ ಗುಟ್ಟನ್ನು ಎಲ್ಲರಿಗೂ ತಿಳಿಯುವಂತೆ, ಆ ಕಸುಬಿನವರು ಓದಿ ಮಾಡಿಕೊಳ್ಳಬಹುದಾದಷ್ಟು ವಿವರವಾಗಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ, ಕೆಲವು ವರ್ಷಗಳ ಮಟ್ಟಿಗೆ ಅವನ ಅನುಮತಿಯಿಲ್ಲದೆ ಬೇರೆ ಯಾರೂ ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ವಾಯಿದೆ ಮುಗಿದ ಮೇಲೆ ಅದು ಎಲ್ಲರ ಸ್ವತ್ತು.

ನಮ್ಮ ಊರಿನವರಿಗೆ ಇದನ್ನು ಜಮೀನಿನ ಲೆಕ್ಕದಲ್ಲಿ ಹೇಳಿದರೆ ಸುಲಭ. ಜಮೀನಿನ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆದಿರುತ್ತದೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ ಎಂದು. ಪೇಟೆಂಟ್ ಪತ್ರದಲ್ಲೂ ಹಾಗೆಯೇ. ನನ್ನ ಆವಿಷ್ಕಾರದ ಎಲ್ಲೆ ಇಲ್ಲಿಂದ ಇಲ್ಲಿಯವರೆಗೆ ಎಂದು ಕೊನೆಯಲ್ಲಿ ಅಂಕಿ ಹಾಕಿ ಬರೆದಿರುತ್ತಾರೆ. ಜಮೀನಿನ ವ್ಯಾಜ್ಯಗಳಲ್ಲಿ ಹೇಗೆ ಚೆಕ್ಕುಬಂದಿಯ ಮೇಲೆ ವಾದ ನಡೆಯುತ್ತದೆಯೋ ಹಾಗೆಯೇ ಪೇಟೆಂಟ್ ವ್ಯಾಜ್ಯಗಳಲ್ಲೂ ಈ ಎಲ್ಲೆಯ ಮೇಲೆಯೇ ವಾದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜರ್ಮನಿಯಲ್ಲಿ ಮೊದಲ ಜಗಳ

ಕಾರಿಗಿಂತ ಮೊದಲು ಜಗಳ ಶುರುವಾದದ್ದು ಎಂಜಿನ್ ಮೇಲೆ. 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ ನಾಲ್ಕು ಹೊಡೆತದ ಎಂಜಿನ್ ತಯಾರಿಸಿದ. ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುವುದು, ಅದನ್ನು ಅದುಮುವುದು, ಕಿಡಿ ತಾಗಿಸಿ ಸಿಡಿಸುವುದು, ಹೊಗೆಯನ್ನು ಹೊರಗೆ ತಳ್ಳುವುದು ಎಂಬ ನಾಲ್ಕು ಹೆಜ್ಜೆಗಳ ಎಂಜಿನ್ ಅದು. ಇಂದು ನಮ್ಮ ಊರಿನ ಬೀದಿಗಳಲ್ಲಿ ಓಡಾಡುವ ಪೆಟ್ರೋಲ್ ಬೈಕುಗಳ 'ಫೋರ್ ಸ್ಟ್ರೋಕ್' ಎಂಜಿನ್ನಿನ ಮೂಲಪುರುಷ ಅದೇ. ಒಟ್ಟೊ ಅದಕ್ಕೆ ಪೇಟೆಂಟ್ ಪಡೆದ. ಬೇರೆ ಯಾರಾದರೂ ನಾಲ್ಕು ಹೊಡೆತದ ಎಂಜಿನ್ ಮಾಡಬೇಕೆಂದರೆ ಒಟ್ಟೊನ ಕಂಪನಿ ಅಡ್ಡ ಬರುತ್ತಿತ್ತು.

ಆ ಕಾಲದಲ್ಲಿ ಮಾನ್‌ಹೈಮ್ ನಗರದಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ ಕಾರ್ಲ್ ಬೆಂಜ್‌ಗೂ ಎಂಜಿನ್ ಮಾಡುವ ಆಸೆ. ನಾಲ್ಕು ಹೊಡೆತದ ದಾರಿಯನ್ನು ಪೇಟೆಂಟ್ ಮುಚ್ಚಿದ್ದರಿಂದ ಆತ ಮೊದಲು ಎರಡು ಹೊಡೆತದ ಎಂಜಿನ್ ಮಾಡುವ ಹಾದಿ ಹಿಡಿದ. 1879ರ ವರ್ಷದ ಕೊನೆಯ ರಾತ್ರಿ ಅವನ ಎಂಜಿನ್ ಮೊದಲ ಬಾರಿಗೆ ಸರಿಯಾಗಿ ಓಡಿತು. ಆ ಕಾರ್ಖಾನೆ ಮುಳುಗದೆ ಉಳಿದದ್ದು ಹೆಂಡತಿ ಬರ್ಥಾ ತನ್ನ ತವರಿನಿಂದ ತಂದ ಹಣದಿಂದ.

ಅತ್ತ ಒಟ್ಟೊನ ಪೇಟೆಂಟಿಗೆ ಬೇರೊಂದು ಕಡೆಯಿಂದ ಪೆಟ್ಟು ಬಿತ್ತು. ಫ್ರಾನ್ಸಿನ ಆಲ್ಫೋನ್ಸ್ ಬೊ ದ ರೋಶಾ ಎಂಬ ಇಂಜಿನಿಯರ್ 1862ರಲ್ಲೇ ಒಂದು ಸಣ್ಣ ಪುಸ್ತಿಕೆಯಲ್ಲಿ ಇದೇ ನಾಲ್ಕು ಹೆಜ್ಜೆಗಳ ತತ್ವವನ್ನು ವಿವರಿಸಿದ್ದ. ಆತ ಎಂಜಿನ್ ಮಾಡಿರಲಿಲ್ಲ, ಬರೆದಿದ್ದನಷ್ಟೇ. ಒಟ್ಟೊನ ಪ್ರತಿಸ್ಪರ್ಧಿಗಳು ಆ ಮರೆತುಹೋದ ಪುಸ್ತಿಕೆಯನ್ನು ಹುಡುಕಿ ತಂದು ನ್ಯಾಯಾಲಯದ ಮುಂದಿಟ್ಟರು. 1886ರ ಜನವರಿಯಲ್ಲಿ ಜರ್ಮನಿಯ ಉನ್ನತ ನ್ಯಾಯಾಲಯ ಒಟ್ಟೊನ ಪೇಟೆಂಟಿನ ಮುಖ್ಯ ಭಾಗವನ್ನೇ ರದ್ದುಮಾಡಿತು. ಅದೇ ತಿಂಗಳ 29ರಂದು ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದ. ಸಂಖ್ಯೆ 37435ರ ಆ ಪೇಟೆಂಟನ್ನೇ ಮೋಟಾರು ಕಾರಿನ ಜನ್ಮಪತ್ರಿಕೆ ಎಂದು ಇಂದು ಜಗತ್ತು ಒಪ್ಪಿಕೊಂಡಿದೆ.

ಪತ್ರಿಕೆ ಸಿಕ್ಕಿತು, ಆದರೆ ಗಾಡಿ ಕೊಳ್ಳುವವರು ಸಿಗಲಿಲ್ಲ. 1888ರ ಆಗಸ್ಟಿನಲ್ಲಿ ಬರ್ಥಾ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ನ ತವರುಮನೆಗೆ ಆ ಗಾಡಿಯಲ್ಲಿ ಹೊರಟುಬಿಟ್ಟಳು. ಸುಮಾರು ನೂರು ಕಿಲೋಮೀಟರ್ ದಾರಿ. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ದಾರಿಯಲ್ಲಿ ವೀಸ್ಲೊಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಎಣ್ಣೆಯನ್ನು ಕೊಂಡು ಟ್ಯಾಂಕಿಗೆ ಸುರಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಪೇಟೆಂಟ್ ಕಚೇರಿಯ ಮುದ್ರೆ ಕೊಡಲಾಗದ ನಂಬಿಕೆಯನ್ನು ಆ ಪ್ರಯಾಣ ಜನರಿಗೆ ಕೊಟ್ಟಿತು.

ರೋಚೆಸ್ಟರಿನ ವಕೀಲ

ಈಗ ಸೆಲ್ಡನ್ ಕಡೆಗೆ ಬರೋಣ. ಆತ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದವನು, ಹುಟ್ಟಿದ್ದು 1846ರಲ್ಲಿ. ತಂದೆ ಹೆನ್ರಿ ಸೆಲ್ಡನ್ ಹೆಸರಾಂತ ವಕೀಲ ಮತ್ತು ನ್ಯಾಯಾಧೀಶ. ಮಹಿಳೆಯರಿಗೆ ಮತದಾನದ ಹಕ್ಕು ಇಲ್ಲದಿದ್ದಾಗ ಮತ ಹಾಕಿ ಮೊಕದ್ದಮೆ ಎದುರಿಸಿದ ಸೂಸನ್ ಆಂಟನಿಯ ಪರವಾಗಿ ವಾದಿಸಿದವರು ಇವರೇ. ಮಗನಿಗೆ ಯಂತ್ರಗಳ ಹುಚ್ಚು, ತಂದೆಗೆ ಮಗ ವಕೀಲನಾಗಬೇಕೆಂಬ ಹಟ. ತಂದೆಯೇ ಗೆದ್ದರು. ಮಗ ಪೇಟೆಂಟ್ ವಕೀಲನಾದ. ಹೀಗೆ ಎರಡು ದೋಣಿಗಳ ಮೇಲೆ ಕಾಲಿಟ್ಟವರು ನಮ್ಮ ನಡುವೆಯೂ ಬೇಕಾದಷ್ಟು ಜನ ಇದ್ದಾರೆ.

1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವ ಪ್ರದರ್ಶನ ನಡೆಯಿತು. ಅಲ್ಲಿ ಜಾರ್ಜ್ ಬ್ರೇಟನ್ ಎಂಬಾತ ಮಾಡಿದ ಎಣ್ಣೆ ಎಂಜಿನ್ನನ್ನು ಸೆಲ್ಡನ್ ನೋಡಿದ. ಅದು ಬಲು ಭಾರದ, ಒಂದೇ ಕಡೆ ನಿಂತು ಕೆಲಸ ಮಾಡುವ ಎಂಜಿನ್. ಇದನ್ನು ಹಗುರ ಮಾಡಿದರೆ ಗಾಡಿಗೆ ಕಟ್ಟಬಹುದಲ್ಲ ಎಂದು ಅವನಿಗೆ ಹೊಳೆಯಿತು. 1878ರಲ್ಲಿ ಮೂರು ಸಿಲಿಂಡರಿನ ಹಗುರ ಎಂಜಿನ್ ಒಂದನ್ನು ಮಾಡಿಸಿದ. ಅದರಲ್ಲಿ ಒಂದು ಸಿಲಿಂಡರನ್ನು ಮಾತ್ರ ಪೂರ್ಣಗೊಳಿಸಿ ಓಡಿಸಿ ನೋಡಲಾಯಿತು. ಗಾಡಿ ಕಟ್ಟಲು ಬಂಡವಾಳ ಸಿಗಲಿಲ್ಲ.

1879ರ ಮೇ 8ರಂದು ಆತ ಪೇಟೆಂಟಿಗೆ ಅರ್ಜಿ ಹಾಕಿದ. ಹಗುರವಾದ ಎಣ್ಣೆ ಎಂಜಿನ್, ಅದನ್ನು ಗಾಲಿಯಿಂದ ಬಿಡಿಸಿ ಜೋಡಿಸುವ ಕ್ಲಚ್, ಗಾಲಿ, ಸ್ಟಿಯರಿಂಗ್, ಕೂರಲು ಜಾಗ, ಇವೆಲ್ಲ ಕೂಡಿದ 'ರಸ್ತೆ ಎಂಜಿನ್' ತನ್ನ ಆವಿಷ್ಕಾರ ಎಂಬುದು ಅದರ ಸಾರ. ಆ ಅರ್ಜಿಗೆ ಸಾಕ್ಷಿ ಸಹಿ ಹಾಕಿದವರಲ್ಲಿ ಒಬ್ಬ ಜಾರ್ಜ್ ಈಸ್ಟ್‌ಮನ್. ಆಗಿನ್ನೂ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಆ ಯುವಕನೇ ಮುಂದೆ ಕೊಡಕ್ ಕ್ಯಾಮೆರಾ ಕಂಪನಿಯನ್ನು ಕಟ್ಟಿದ್ದು.

ಹದಿನಾರು ವರ್ಷ ಮಲಗಿದ ಕಡತ

ಇಲ್ಲಿಂದ ಮುಂದೆ ಕೆಲಸ ಮಾಡಿದ್ದು ಸೆಲ್ಡನ್ ಒಳಗಿದ್ದ ಇಂಜಿನಿಯರ್ ಅಲ್ಲ, ವಕೀಲ. ಆ ಕಾಲದ ಅಮೆರಿಕದ ಕಾನೂನಿನಲ್ಲಿ ಎರಡು ಸಂದುಗಳಿದ್ದವು. ಪೇಟೆಂಟ್ ಕಚೇರಿ ಅರ್ಜಿಯ ಮೇಲೆ ಏನಾದರೂ ಆಕ್ಷೇಪ ಎತ್ತಿದರೆ ಅರ್ಜಿದಾರ ಉತ್ತರ ಕೊಡಲು ಎರಡು ವರ್ಷ ಸಮಯವಿತ್ತು. ಪೇಟೆಂಟಿನ 17 ವರ್ಷದ ವಾಯಿದೆ ಶುರುವಾಗುತ್ತಿದ್ದದ್ದು ಅರ್ಜಿ ಹಾಕಿದ ದಿನದಿಂದಲ್ಲ, ಪೇಟೆಂಟ್ ಮಂಜೂರಾದ ದಿನದಿಂದ. ಮಂಜೂರಾಗುವವರೆಗೆ ಅರ್ಜಿಯಲ್ಲಿ ಏನಿದೆ ಎಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಸೆಲ್ಡನ್ ಮಾಡಿದ್ದು ಇಷ್ಟೇ. ಕಚೇರಿಯಿಂದ ಪತ್ರ ಬಂದರೆ ಎರಡು ವರ್ಷ ಮುಗಿಯುವವರೆಗೆ ಸುಮ್ಮನಿರುವುದು, ಗಡುವು ಮುಗಿಯುವ ಹೊತ್ತಿಗೆ ಸಣ್ಣದೊಂದು ತಿದ್ದುಪಡಿ ಮಾಡಿ ಕಳುಹಿಸುವುದು. ಕಚೇರಿ ಮತ್ತೆ ಪ್ರಶ್ನೆ ಕೇಳುತ್ತದೆ, ಆತ ಮತ್ತೆ ಎರಡು ವರ್ಷ ಮಲಗಿಸುತ್ತಾನೆ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಕಡತ ಮುಂದೆ ಹೋಗಲಿಲ್ಲವೆಂದು ನಾವು ಗೋಳಾಡುತ್ತೇವೆ. ಇಲ್ಲಿ ಅರ್ಜಿದಾರನೇ ಕಡತವನ್ನು ಮಲಗಿಸಿದ್ದ! ಹೀಗೆ ಹದಿನಾರು ವರ್ಷ ಕಳೆದು, 1895ರ ನವೆಂಬರ್ 5ರಂದು 549160 ಸಂಖ್ಯೆಯ ಪೇಟೆಂಟ್ ಅವನ ಕೈಸೇರಿತು. ಅದರ ವಾಯಿದೆ 1912ರವರೆಗೆ.

ಈ ಹದಿನಾರು ವರ್ಷಗಳಲ್ಲಿ ಜಗತ್ತು ಸುಮ್ಮನೆ ಕೂತಿರಲಿಲ್ಲ. ಬೆಂಜ್ ಗಾಡಿಗಳು ಯುರೋಪಿನಲ್ಲಿ ಮಾರಾಟವಾಗುತ್ತಿದ್ದವು. ಅಮೆರಿಕದಲ್ಲೇ ಡ್ಯೂರಿಯಾ ಸಹೋದರರು 1893ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೆಟ್ರೋಲ್ ಗಾಡಿ ಓಡಿಸಿದ್ದರು. ಸೆಲ್ಡನ್‌ಗೆ ಪೇಟೆಂಟ್ ಸಿಕ್ಕ ಅದೇ ತಿಂಗಳ ಕೊನೆಯಲ್ಲಿ ಅವರ ಗಾಡಿ ಶಿಕಾಗೋದ ಪಂದ್ಯದಲ್ಲಿ ಹಿಮದ ನಡುವೆ ಓಡಿ ಗೆದ್ದಿತು. ಇವರಲ್ಲಿ ಯಾರೂ ಸೆಲ್ಡನ್ ಬರೆದದ್ದನ್ನು ಓದಿ ಕಲಿತವರಲ್ಲ, ಓದಲು ಅದು ಹೊರಗೆ ಬಂದೇ ಇರಲಿಲ್ಲ. ಪೇಟೆಂಟ್ ಎಂಬ ಒಪ್ಪಂದದಲ್ಲಿ ಸಮಾಜಕ್ಕೆ ಸಿಗಬೇಕಾದದ್ದು ಜ್ಞಾನ. ಇಲ್ಲಿ ಸಮಾಜಕ್ಕೆ ಸಿಕ್ಕಿದ್ದು ಆಗಲೇ ಎಲ್ಲರಿಗೂ ತಿಳಿದಿದ್ದ ವಿಷಯ.

ಕಾಗದ ಕೈಬದಲಾಯಿತು

ಸೆಲ್ಡನ್ ಬಳಿ ಪೇಟೆಂಟ್ ಇತ್ತು, ಕೋರ್ಟಿಗೆ ಹೋಗುವಷ್ಟು ಹಣವಿರಲಿಲ್ಲ. 1899ರಲ್ಲಿ ಎಲೆಕ್ಟ್ರಿಕ್ ವೆಹಿಕಲ್ ಕಂಪನಿ ಎಂಬ ಸಂಸ್ಥೆ ಹತ್ತು ಸಾವಿರ ಡಾಲರ್ ಮತ್ತು ಮುಂದೆ ಬರುವ ರಾಯಧನದಲ್ಲಿ ಒಂದು ಪಾಲು ಕೊಡುವ ಕರಾರಿನ ಮೇಲೆ ಪೇಟೆಂಟಿನ ಹಕ್ಕನ್ನು ತನ್ನದಾಗಿಸಿಕೊಂಡಿತು. ತಮಾಷೆ ಏನೆಂದರೆ, ಆ ಕಂಪನಿಯ ಕಸುಬು ಬ್ಯಾಟರಿಯಿಂದ ಓಡುವ ಬಾಡಿಗೆ ಗಾಡಿಗಳು. ಪೆಟ್ರೋಲ್ ಕಾರಿನ ಮೇಲಿನ ಹಕ್ಕು ಸೇರಿದ್ದು ವಿದ್ಯುತ್ ಕಾರಿನವರಿಗೆ.

ಮರುವರ್ಷವೇ ಅವರು ಆ ಕಾಲದ ಪ್ರಮುಖ ಕಾರು ತಯಾರಕ ಅಲೆಕ್ಸಾಂಡರ್ ವಿಂಟನ್ ಮೇಲೆ ದಾವೆ ಹೂಡಿದರು. ಎರಡು ಮೂರು ವರ್ಷ ಕೋರ್ಟಿಗೆ ಅಲೆದು ವಿಂಟನ್ ರಾಜಿಯಾದ. ಇದನ್ನು ನೋಡಿದ ಪ್ಯಾಕಾರ್ಡ್, ಓಲ್ಡ್ಸ್ ಮೊದಲಾದ ಕಂಪನಿಗಳವರು ಹೊಡೆದಾಡುವುದಕ್ಕಿಂತ ಹಂಚಿಕೊಳ್ಳುವುದೇ ಲಾಭ ಎಂದು ಲೆಕ್ಕ ಹಾಕಿದರು. 1903ರ ಮಾರ್ಚಿನಲ್ಲಿ ಲೈಸೆನ್ಸ್ ಪಡೆದ ಕಾರು ತಯಾರಕರ ಸಂಘ ಹುಟ್ಟಿತು. ಸದಸ್ಯರು ತಾವು ಮಾರುವ ಪ್ರತಿ ಕಾರಿನ ಬೆಲೆಯ ಶೇಕಡ 1.25ರಷ್ಟು ರಾಯಧನ ಕಟ್ಟಬೇಕು. ಅದರಲ್ಲಿ ಐದರಲ್ಲಿ ಎರಡು ಪಾಲು ಎಲೆಕ್ಟ್ರಿಕ್ ವೆಹಿಕಲ್ ಕಂಪನಿಗೆ, ಎರಡು ಪಾಲು ಸಂಘಕ್ಕೆ, ಒಂದು ಪಾಲು ಸೆಲ್ಡನ್‌ಗೆ.

850 ಡಾಲರ್ ಬೆಲೆಯ ಕಾರೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ರಾಯಧನ ಸುಮಾರು ಹತ್ತೂವರೆ ಡಾಲರ್. ಸೆಲ್ಡನ್ ಪಾಲು ಎರಡು ಡಾಲರಿಗಿಂತ ಸ್ವಲ್ಪ ಹೆಚ್ಚು. ಮೊತ್ತ ದೊಡ್ಡದೇನಲ್ಲ. ನಿಜವಾದ ಅಧಿಕಾರ ಇದ್ದದ್ದು ಬೇರೆ ಕಡೆ: ಯಾರಿಗೆ ಲೈಸೆನ್ಸ್ ಕೊಡಬೇಕು, ಯಾರಿಗೆ ಕೊಡಬಾರದು ಎಂದು ತೀರ್ಮಾನಿಸುತ್ತಿದ್ದದ್ದು ಈ ಸಂಘ. ಅಂದರೆ ಆಗಲೇ ಕಾರು ಮಾಡುತ್ತಿದ್ದವರು, ಹೊಸಬರು ಕಾರು ಮಾಡಬಹುದೇ ಎಂದು ನಿರ್ಧರಿಸುತ್ತಿದ್ದರು.

ಫೋರ್ಡ್ ಎದುರು ನಿಂತ

ಅಂಥ ಹೊಸಬರಲ್ಲಿ ಒಬ್ಬ ಹೆನ್ರಿ ಫೋರ್ಡ್. ರೈತನ ಮಗ, ಡೆಟ್ರಾಯಿಟ್‌ನಲ್ಲಿ ಮೆಕ್ಯಾನಿಕ್ ಆಗಿ ಬೆಳೆದವನು. 1896ರಲ್ಲಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತನ್ನ ಮೊದಲ ಗಾಡಿ ಕಟ್ಟಿದ್ದ. ಆಮೇಲೆ ಸೇರಿದ ಎರಡು ಕಂಪನಿಗಳಲ್ಲಿ ನೆಲೆ ಕಾಣದೆ, 1903ರ ಜೂನ್‌ನಲ್ಲಿ ಮೂರನೆಯ ಬಾರಿಗೆ ಫೋರ್ಡ್ ಮೋಟಾರ್ ಕಂಪನಿ ಶುರುಮಾಡಿದ. ಕೈಗೆ ಬಂದ ಬಂಡವಾಳ 28 ಸಾವಿರ ಡಾಲರ್. ಕಾರಿನ ಎಂಜಿನ್ ಮತ್ತು ಚೌಕಟ್ಟನ್ನು ಡಾಡ್ಜ್ ಸಹೋದರರ ಕಾರ್ಖಾನೆಯಿಂದ ತರಿಸಿ ಜೋಡಿಸುತ್ತಿದ್ದ.

ಲೈಸೆನ್ಸಿನ ಬಗ್ಗೆ ಫೋರ್ಡ್ ಕಡೆಯವರು ಸಂಘದವರನ್ನು ವಿಚಾರಿಸಿದಾಗ, ನೀವು ಬರೀ ಜೋಡಿಸುವವರು, ತಯಾರಕರಲ್ಲ ಎಂಬ ಧಾಟಿಯ ಉತ್ತರ ಬಂತು. ಫೋರ್ಡ್‌ಗೆ ಅದು ನಾಟಿತು. ರಾಯಧನ ಕಟ್ಟುವುದಿಲ್ಲ, ಕಾರು ಮಾಡುವುದನ್ನು ನಿಲ್ಲಿಸುವುದೂ ಇಲ್ಲ ಎಂದು ಪತ್ರಿಕೆಗಳಲ್ಲೇ ಸಾರಿದ. 1903ರ ಅಕ್ಟೋಬರಿನಲ್ಲಿ ದಾವೆ ದಾಖಲಾಯಿತು. ದಾವೆ ಫೋರ್ಡ್ ಕಂಪನಿಯ ಮೇಲೆ ಮಾತ್ರವಲ್ಲ, ಅವನ ಕಾರು ಮಾರುತ್ತಿದ್ದ ನ್ಯೂಯಾರ್ಕಿನ ವ್ಯಾಪಾರಿಯ ಮೇಲೂ ಬಿತ್ತು. ಲೈಸೆನ್ಸ್ ಇಲ್ಲದ ಕಾರು ಕೊಂಡರೆ ಗ್ರಾಹಕರೂ ಕೋರ್ಟು ಹತ್ತಬೇಕಾದೀತು ಎಂದು ಸಂಘ ಜಾಹೀರಾತು ಹಾಕಿತು. ಫೋರ್ಡ್ ತನ್ನ ಜಾಹೀರಾತಿನಲ್ಲಿ, ನನ್ನ ಗ್ರಾಹಕರನ್ನು ರಕ್ಷಿಸುವ ಹೊಣೆ ನನ್ನದು ಎಂದು ಉತ್ತರ ಕೊಟ್ಟ.

ಏಳು ವರ್ಷಗಳ ವ್ಯಾಜ್ಯ

ಫೋರ್ಡ್ ಪರವಾಗಿ ನಿಂತ ವಕೀಲ ರಾಲ್ಜ್‌ಮಂಡ್ ಪಾರ್ಕರ್. ಸಾಕ್ಷಿಗಳ ಹೇಳಿಕೆಯೇ ಸಾವಿರಾರು ಪುಟಗಳಾಯಿತು. ಎರಡೂ ಕಡೆಯವರು ಹಳೆಯ ಎಂಜಿನ್‌ಗಳ ಚರಿತ್ರೆಯನ್ನೆಲ್ಲ ಅಗೆದು ಹಾಕಿದರು.

ಒಂದು ಪ್ರಸಂಗವನ್ನು ಹೇಳಲೇಬೇಕು. ಸೆಲ್ಡನ್ ಕಾಗದದಲ್ಲಿ ಬರೆದದ್ದು ನಿಜವಾಗಿ ಓಡುತ್ತದೆಯೇ ಎಂಬ ಪ್ರಶ್ನೆ ಎದ್ದಾಗ, ಅವನ ಕಡೆಯವರು ಪೇಟೆಂಟಿನ ಚಿತ್ರಕ್ಕೆ ಅನುಗುಣವಾಗಿ ಎರಡು ಗಾಡಿಗಳನ್ನು ಕಟ್ಟಿಸಿದರು. ಒಂದು ಗಾಡಿಯ ಮೇಲೆ '1877' ಎಂದು ದೊಡ್ಡದಾಗಿ ಬಣ್ಣದಲ್ಲಿ ಬರೆಸಿದರು. ಆದರೆ ಆ ಗಾಡಿ ಹುಟ್ಟಿದ್ದು ಮೊಕದ್ದಮೆ ನಡೆಯುತ್ತಿದ್ದ ಕಾಲದಲ್ಲಿ! 1907ರಲ್ಲಿ ಪರೀಕ್ಷೆಗೆ ತಂದಾಗ ಗಾಡಿಗಳು ಚಾಲೂ ಆಗಲು ಕಾಡಿದವು, ಚಾಲೂ ಆದರೂ ಸ್ವಲ್ಪ ದೂರ ಹೋಗಿ ನಿಂತುಬಿಟ್ಟವು. ಸುತ್ತಲೂ ಸಾವಿರಾರು ಕಾರುಗಳು ಓಡಾಡುತ್ತಿದ್ದ ಕಾಲದಲ್ಲಿ, ಕಾರಿನ ಮೂಲಪುರುಷ ಎನಿಸಿಕೊಂಡ ಗಾಡಿ ನಡೆಯಲಾರದೆ ನಿಂತಿತ್ತು.

ಆದರೂ ಮೊದಲ ಸುತ್ತಿನಲ್ಲಿ ಸೆಲ್ಡನ್ ಗೆದ್ದ. 1909ರ ಸೆಪ್ಟೆಂಬರ್ 15ರಂದು ನ್ಯಾಯಾಧೀಶ ಚಾರ್ಲ್ಸ್ ಹಫ್ ಅವರು ಪೇಟೆಂಟ್ ಊರ್ಜಿತ, ಫೋರ್ಡ್ ಅದನ್ನು ಉಲ್ಲಂಘಿಸಿದ್ದಾನೆ ಎಂದು ತೀರ್ಪಿತ್ತರು. ಸೆಲ್ಡನ್ ಬರೆದ ಚೆಕ್ಕುಬಂದಿ ಬಹಳ ವಿಶಾಲವಾದದ್ದು, ಎಲ್ಲ ಪೆಟ್ರೋಲ್ ಕಾರುಗಳೂ ಅದರೊಳಗೆ ಬರುತ್ತವೆ ಎಂಬುದು ಅದರ ಅರ್ಥ. ತೀರ್ಪು ಬಂದ ಕೂಡಲೇ ಅಲ್ಲಿಯವರೆಗೆ ಹೊರಗಿದ್ದ ಎಷ್ಟೋ ಕಂಪನಿಗಳು ಸಂಘದ ಬಾಗಿಲಿಗೆ ಓಡಿದವು.

ಫೋರ್ಡ್ ಓಡಲಿಲ್ಲ. ಹಿಂದಿನ ವರ್ಷವಷ್ಟೇ, 1908ರ ಅಕ್ಟೋಬರಿನಲ್ಲಿ, ಅವನ ಹೆಸರಾಂತ 'ಮಾಡೆಲ್ ಟಿ' ಕಾರು ಹೊರಬಂದಿತ್ತು. ಜನಸಾಮಾನ್ಯರ ಕಾರು ಎಂಬ ಅವನ ಕನಸು ಈಗಷ್ಟೇ ಕೈಗೂಡುತ್ತಿತ್ತು. ಮೇಲ್ಮನವಿ ಹಾಕಿದ. ಕಾರು ಕೊಳ್ಳುವವರು ಹೆದರಬಾರದೆಂದು, ಬೇಕೆಂದು ಕೇಳಿದ ಪ್ರತಿ ಗ್ರಾಹಕನಿಗೂ ಬಾಂಡ್ ಬರೆದುಕೊಡುವುದಾಗಿ ಘೋಷಿಸಿದ. ಕಂಪನಿಯ ಆಸ್ತಿ ಮತ್ತು ಒಂದು ವಿಮಾ ಸಂಸ್ಥೆಯ ಖಾತರಿ ಸೇರಿ ಒಟ್ಟು 1.2 ಕೋಟಿ ಡಾಲರಿನ ಭರವಸೆ ಅದು. ಬಾಂಡ್ ಕೇಳಿ ಪಡೆದವರು ಮಾತ್ರ ತೀರಾ ಕೆಲವರು. ಉಳಿದವರಿಗೆ ಕಾರು ಓಡುವುದೇ ಸಾಕಾಗಿತ್ತು.

ಎಲ್ಲೆ ಎಲ್ಲಿತ್ತು?

1911ರ ಜನವರಿ 9ರಂದು ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂತು. ಬರೆದವರು ನ್ಯಾಯಾಧೀಶ ವಾಲ್ಟರ್ ನಾಯ್ಸ್. ತೀರ್ಪಿನಲ್ಲಿ ಎರಡು ಮಾತಿತ್ತು. ಒಂದು, ಸೆಲ್ಡನ್‌ನ ಪೇಟೆಂಟ್ ಊರ್ಜಿತವೇ. ಎರಡು, ಫೋರ್ಡ್ ಅದನ್ನು ಉಲ್ಲಂಘಿಸಿಲ್ಲ.

ಎರಡೂ ಏಕಕಾಲಕ್ಕೆ ಹೇಗೆ ನಿಜ? ಇಲ್ಲಿ ಎಂಜಿನ್ನಿನ ಒಳಗೆ ಸ್ವಲ್ಪ ಇಣುಕಬೇಕು. ಸೆಲ್ಡನ್ ನೋಡಿ ಸುಧಾರಿಸಿದ್ದು ಬ್ರೇಟನ್ ಮಾದರಿಯ ಎಂಜಿನ್. ಅದರಲ್ಲಿ ಮಿಶ್ರಣವನ್ನು ಬೇರೊಂದು ಪಂಪಿನಲ್ಲಿ ಅದುಮಿ, ಸಿಲಿಂಡರಿನೊಳಗೆ ಬರುತ್ತಾ ಬರುತ್ತಾ ಉರಿಯುವಂತೆ ಮಾಡುತ್ತಾರೆ. ಒಲೆಯ ಉರಿಯಂತೆ ಅದು ಒಂದೇ ಸಮನೆ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಫೋರ್ಡ್ ಬಳಸಿದ್ದು, ಬೆಂಜ್ ಬಳಸಿದ್ದು, ಆಗ ಹೆಚ್ಚುಕಡಿಮೆ ಎಲ್ಲರೂ ಬಳಸುತ್ತಿದ್ದದ್ದು ಒಟ್ಟೊ ಮಾದರಿಯ ಎಂಜಿನ್. ಅಲ್ಲಿ ಮಿಶ್ರಣವನ್ನು ಅದೇ ಸಿಲಿಂಡರಿನಲ್ಲಿ ಅದುಮಿ ಒಂದೇ ಏಟಿಗೆ ಪಟಾಕಿಯಂತೆ ಸಿಡಿಸುತ್ತಾರೆ. ಎರಡೂ ಎಣ್ಣೆಯಿಂದ ಓಡುತ್ತವೆ, ಆದರೆ ಓಡುವ ರೀತಿ ಬೇರೆ.

ಸೆಲ್ಡನ್ ಆರಿಸಿಕೊಂಡ ದಾರಿ ಬ್ರೇಟನ್ ದಾರಿ. ಆದ್ದರಿಂದ ಅವನ ಚೆಕ್ಕುಬಂದಿ ಆ ಮಾದರಿಯ ಎಂಜಿನ್ ಹೂಡಿದ ಗಾಡಿಗಳಿಗಷ್ಟೇ ಸೀಮಿತ ಎಂದು ನ್ಯಾಯಾಲಯ ಹೇಳಿತು. ಅಂಥ ಗಾಡಿಯನ್ನು ಯಾರೂ ಮಾರುತ್ತಿರಲಿಲ್ಲ. ಜಮೀನು ನಿನ್ನದೇ, ಆದರೆ ಊರೆಲ್ಲ ಮನೆ ಕಟ್ಟಿಕೊಂಡಿರುವುದು ನಿನ್ನ ಸರ್ವೆ ನಂಬರಿನಲ್ಲಿ ಅಲ್ಲ ಎಂದ ಹಾಗಾಯಿತು. ಸೆಲ್ಡನ್ ಒಟ್ಟೊ ಎಂಜಿನ್ನಿನ ಹಿರಿಮೆಯನ್ನು ಅರಿತು ಅದನ್ನೇ ತನ್ನ ಗಾಡಿಗೆ ಅಳವಡಿಸಿದ್ದರೆ ಫಲ ಬೇರೆಯಾಗುತ್ತಿತ್ತು ಎಂಬ ಭಾವವೂ ಆ ತೀರ್ಪಿನಲ್ಲಿದೆ. ಪೇಟೆಂಟಿನ ವಾಯಿದೆ ಇನ್ನೆರಡು ವರ್ಷವೂ ಉಳಿದಿರಲಿಲ್ಲವಾದ್ದರಿಂದ ಸಂಘ ಮತ್ತೆ ಮೇಲ್ಮನವಿ ಹಾಕಲಿಲ್ಲ. ಸಂಘವೂ ಕರಗಿಹೋಯಿತು.

ಸೆಲ್ಡನ್ ಬರೀ ಮೋಸಗಾರ ಎಂದು ಹೇಳಿದರೆ ತಪ್ಪಾಗುತ್ತದೆ. 1879ರಲ್ಲೇ ಎಣ್ಣೆ ಎಂಜಿನ್ನಿನಿಂದ ಓಡುವ ಹಗುರ ಗಾಡಿಯ ಇಡೀ ಚಿತ್ರ ಅವನ ತಲೆಯಲ್ಲಿ ಮೂಡಿತ್ತು. ಬಂಡವಾಳಕ್ಕಾಗಿ ಅಲೆದು ಸೋತವನು ಅವನು. 1922ರಲ್ಲಿ ತೀರಿಕೊಂಡ. ಅವನ ತಪ್ಪು ಕನಸು ಕಂಡದ್ದಲ್ಲ, ಕನಸಿನ ಕಡತವನ್ನು ಮಲಗಿಸಿ ಬೇರೆಯವರ ಬೆವರು ಹಣ್ಣಾಗುವವರೆಗೆ ಕಾದದ್ದು.

ಆಮೇಲೆ ಏನಾಯಿತು?

ಈ ಜಗಳದಿಂದ ಕಾರು ಕಂಪನಿಗಳು ಪಾಠ ಕಲಿತವು. 1915ರಲ್ಲಿ ಅಮೆರಿಕದ ಹೆಚ್ಚಿನ ತಯಾರಕರು ತಂತಮ್ಮ ಪೇಟೆಂಟುಗಳನ್ನು ರಾಯಧನವಿಲ್ಲದೆ ಪರಸ್ಪರ ಬಳಸಿಕೊಳ್ಳುವ ಒಪ್ಪಂದಕ್ಕೆ ಬಂದರು. ಫೋರ್ಡ್ ಆ ಒಪ್ಪಂದದ ಒಳಗೆ ಸೇರದಿದ್ದರೂ ಅದೇ ರೀತಿ ನಡೆದುಕೊಂಡ. 1908ರಲ್ಲಿ 850 ಡಾಲರ್ ಇದ್ದ ಮಾಡೆಲ್ ಟಿ ಬೆಲೆ 1920ರ ದಶಕದ ಮಧ್ಯಭಾಗಕ್ಕೆ 300 ಡಾಲರಿಗಿಂತ ಕೆಳಗಿಳಿಯಿತು. ಇದಕ್ಕೆ ಮುಖ್ಯ ಕಾರಣ ಫೋರ್ಡ್‌ನ ಹೊಸ ತಯಾರಿಕಾ ಪದ್ಧತಿ. ಆದರೆ ಕಾರು ಮಾಡುವ ಹಕ್ಕಿಗೇ ಬೇಲಿ ಬಿದ್ದಿದ್ದರೆ ಆ ಪದ್ಧತಿ ಹುಟ್ಟಲು ಅವಕಾಶವಾದರೂ ಎಲ್ಲಿರುತ್ತಿತ್ತು?

ಕಾನೂನಿನ ಸಂದನ್ನು ಮುಚ್ಚಲು ಮಾತ್ರ ಬಹಳ ಕಾಲ ಹಿಡಿಯಿತು. ನೀರಿನೊಳಗೆ ಅಡಗಿದ್ದು ತಟ್ಟನೆ ಮೇಲೇಳುವ ಜಲಾಂತರ್ಗಾಮಿಯ ಹೆಸರನ್ನೇ ಇಂಥ ಪೇಟೆಂಟುಗಳಿಗೆ ಇಟ್ಟರು. 1995ರಲ್ಲಿ ಅಮೆರಿಕ ತನ್ನ ನಿಯಮ ಬದಲಿಸಿ, ಪೇಟೆಂಟಿನ ವಾಯಿದೆಯನ್ನು ಅರ್ಜಿ ಹಾಕಿದ ದಿನದಿಂದ 20 ವರ್ಷ ಎಂದು ಮಾಡಿತು. ಈಗ ಕಡತ ಮಲಗಿಸಿದರೆ ನಷ್ಟ ಮಲಗಿಸಿದವನಿಗೇ. ಭಾರತದಲ್ಲೂ ಈಗ ಅರ್ಜಿಯ ದಿನದಿಂದ 20 ವರ್ಷ.

ನಮಗೆ ಇದರಿಂದ ಏನು?

ಪೇಟೆಂಟ್ ಎಂಬುದು ಪರದೇಶದವರ ವ್ಯವಹಾರ, ನಮಗೇಕೆ ಎಂದು ಕೇಳುವವರುಂಟು. ಫೋರ್ಡ್ ಮೇಲೆ ದಾವೆ ಬಿದ್ದ ಅದೇ 1903ರಲ್ಲಿ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿ ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳು ಪುಣೆ ಬಳಿಯ ಖಡಕ್ವಾಸ್ಲಾ ಜಲಾಶಯಕ್ಕೆ ಬಂದವು. ಅವರ ಕಾಗದದ ಹಿಂದೆ ಕೆಲಸ ಮಾಡುವ ಯಂತ್ರವಿತ್ತು.

ಇನ್ನೊಂದು ಉದಾಹರಣೆ ನಮ್ಮ ಅಡುಗೆಮನೆಯದು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಪೇಟೆಂಟ್ ಸಿಕ್ಕಿತು! ನಮ್ಮ ಅಜ್ಜಿಯಂದಿರು ಕೇಳಿದ್ದರೆ ನಗುತ್ತಿದ್ದರು. ಆದರೆ ಕಚೇರಿಯಲ್ಲಿ ನಗು ಸಾಲದು, ಬರಹ ಬೇಕು. ಭಾರತದ ವೈಜ್ಞಾನಿಕ ಸಂಸ್ಥೆ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ಒಟ್ಟೊನ ಎದುರು ಫ್ರಾನ್ಸಿನ ಹಳೆಯ ಪುಸ್ತಿಕೆ ಮಾಡಿದ ಕೆಲಸವನ್ನೇ ಇಲ್ಲಿ ನಮ್ಮ ಹಳೆಯ ಪುಟಗಳು ಮಾಡಿದವು. ಊರಿನ ಹಿರಿಯರಿಗೆ ನನ್ನ ವಿನಂತಿ ಇದೇ. ನಿಮಗೆ ಗೊತ್ತಿರುವ ಬೀಜ, ಗೊಬ್ಬರ, ಔಷಧಿ, ಸಲಕರಣೆಗಳ ತಿಳಿವಳಿಕೆಯನ್ನು ಮೊಮ್ಮಕ್ಕಳ ಕೈಯಲ್ಲಿ ತಾರೀಖು ಹಾಕಿಸಿ ಬರೆಸಿಡಿ.

ನನ್ನ ಕ್ಷೇತ್ರದಲ್ಲಿ ಈ ಪ್ರಶ್ನೆ ಇನ್ನೂ ಬಿಸಿಯಾಗಿದೆ. ಕಂಪ್ಯೂಟರ್ ಪ್ರೋಗ್ರಾಂ ಅನ್ನು ಅದಷ್ಟನ್ನೇ ಆವಿಷ್ಕಾರವೆಂದು ನಮ್ಮ ದೇಶದ ಪೇಟೆಂಟ್ ಕಾನೂನು ಒಪ್ಪುವುದಿಲ್ಲ, ಬೇರೆ ಕೆಲವು ದೇಶಗಳು ಇದರಲ್ಲಿ ಹೆಚ್ಚು ಉದಾರಿಗಳು. ಕೆಲಸಕ್ಕೆ ಸೇರುವ ದಿನ ನನ್ನಂಥವರು ಸಹಿ ಹಾಕುವ ಕಾಗದಗಳಲ್ಲಿ, ಇಲ್ಲಿ ನಾನು ಕಂಡುಹಿಡಿದದ್ದು ಕಂಪನಿಯ ಆಸ್ತಿ ಎಂಬ ಸಾಲು ಇದ್ದೇ ಇರುತ್ತದೆ. ಇನ್ನೊಂದು ಕಡೆ, ತಾವು ಬರೆದ ಪ್ರೋಗ್ರಾಂಗಳನ್ನು ಎಲ್ಲರಿಗೂ ಬಿಟ್ಟುಕೊಡುವ ಸಾವಿರಾರು ಜನರ ದುಡಿಮೆಯ ಮೇಲೆಯೇ ನಮ್ಮ ದಿನದ ಕೆಲಸ ನಿಂತಿದೆ. ಬೇಲಿಯೂ ಬೇಕು, ಬಂಡಿದಾರಿಯೂ ಬೇಕು. ಎಷ್ಟು ಬೇಲಿ, ಎಷ್ಟು ದಾರಿ ಎಂಬುದು 1911ರಲ್ಲಿ ಮುಗಿದ ಪ್ರಶ್ನೆಯಲ್ಲ.

ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಎರಡು ಮಾತು. ಹೊಸದೇನಾದರೂ ಹೊಳೆದರೆ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಪೇಟೆಂಟ್ ಪಡೆಯುವಷ್ಟು ದೊಡ್ಡದೆನಿಸಿದರೆ ಊರಿಗೆಲ್ಲ ಸಾರುವ ಮುನ್ನ ಅರ್ಜಿ ಹಾಕಬೇಕು, ಏಕೆಂದರೆ ಆಗಲೇ ಎಲ್ಲರಿಗೂ ತಿಳಿದದ್ದು ಹೊಸದೆನಿಸಿಕೊಳ್ಳುವುದಿಲ್ಲ. ನಮ್ಮ ರಾಜ್ಯದವರು ಅರ್ಜಿ ಹಾಕಬೇಕಾದದ್ದು ಚೆನ್ನೈನ ಪೇಟೆಂಟ್ ಕಚೇರಿಗೆ. ಆದರೆ ಬರೆದಿಟ್ಟು ಮಲಗಬೇಡಿ. ಸೆಲ್ಡನ್ ಹಾಗೆ ಹದಿನಾರು ವರ್ಷ ಕಾಯುವ ಬದಲು, ತುಕ್ಕು ಹಿಡಿದ ಹಳೆಯ ಸಾಮಾನಿನಲ್ಲಾದರೂ ಸರಿ, ಮಾಡಿ ನೋಡಿ. ಓಡದಿದ್ದರೆ ಬರ್ಥಾಳಂತೆ ಪಿನ್ ಹಾಕಿ ಚುಚ್ಚಿ ನೋಡಿ. ಗಣಿತ, ವಿಜ್ಞಾನಗಳ ಜೊತೆಗೆ ಪ್ರಶ್ನೆ ಕೇಳುವ ಧೈರ್ಯವನ್ನೂ ಕಲಿಸಿದ ನಮ್ಮ ಗುರುಗಳಿಗೆ ವಂದನೆಗಳು. ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲಿ, ಆ ಸಂಚಿಕೆಯಲ್ಲಿ ಇಲ್ಲಿಯ ಮಕ್ಕಳೇ ಕಂಡುಹಿಡಿದ ವಸ್ತುಗಳ ಬಗ್ಗೆ ಲೇಖನಗಳಿರಲಿ.